ಬಾವುಟ ಏರದ ಏಳನೆಯ ದಿನ

ಒಂದು ಊರು. ಆ ಊರಿಗೆ ಕೋಟೆ ಇರಲಿಲ್ಲ, ಕಂದಕ ಇರಲಿಲ್ಲ. ಊರಿನ ಸುತ್ತ ಒಂದು ನೂಲು ಇತ್ತು. ಎರಡಾಳೆತ್ತರದ ಕಂಬಗಳು, ಕಂಬದಿಂದ ಕಂಬಕ್ಕೆ ಬಿಳಿಯ ನೂಲು. ಅದು ಉಪ್ಪಿನ ಬಯಲು ದಾಟಿ, ಇಟ್ಟಿಗೆ ಗೂಡಿನ ಹಿಂದೆ ಹಾದು, ಚರ್ಮ ಹದಮಾಡುವವರ ಕೇರಿಯ ಅಂಚಿನಲ್ಲಿ ತಿರುಗಿ, ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಕಾಗೆ ಕೂತರೆ ಜೋಲುವಂಥ ನೂಲು. ಊರಿನವರು ಮಾತ್ರ ಅದನ್ನು ಗೋಡೆ ಎಂದೇ ಕರೆಯುತ್ತಿದ್ದರು. ಹೊರಗಿನವರು ಬಂದು ನಕ್ಕರೆ, ನಿಮ್ಮ ಊರಿನ ಗೋಡೆಯನ್ನು ಹತ್ತಿ ಇಳಿಯಬಹುದು, ನಮ್ಮದನ್ನು ಹತ್ತಿ ತೋರಿಸಿ ಎನ್ನುತ್ತಿದ್ದರು. ಅದೂ ನಿಜವೇ.

ನೂಲು ಯಾಕೆ ಬಂತು ಎಂದರೆ, ಆಜ್ಞೆಯಿಂದ. ಆ ಊರಿನವರಿಗೆ ದೇವರು ಆರುನೂರ ಹದಿಮೂರು ಆಜ್ಞೆಗಳನ್ನು ಕೊಟ್ಟಿದ್ದ. ಅವುಗಳಲ್ಲಿ ಏಳನೆಯ ದಿನದ ವಿಶ್ರಾಂತಿ ದೊಡ್ಡದು. ಆ ದಿನ ಬೆಂಕಿ ಹೊತ್ತಿಸುವಂತಿಲ್ಲ, ಗಂಟು ಹಾಕುವಂತಿಲ್ಲ, ಹೊಸ್ತಿಲು ದಾಟಿ ಬೀದಿಯಲ್ಲಿ ಏನನ್ನೂ ಹೊರುವಂತಿಲ್ಲ. ಕೊಡ ಹೊರುವಂತಿಲ್ಲ, ಕೋಲು ಹಿಡಿಯುವಂತಿಲ್ಲ, ನಡೆಯಲಾರದ ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಆದರೆ ಮನೆಯೊಳಗೆ ಹೊರಬಹುದು. ಪೂರ್ವಿಕರು ಈ ಒಂದು ಮಾತನ್ನು ಹಿಡಿದುಕೊಂಡು ಬಹಳ ವರ್ಷ ಕೂತು ಯೋಚಿಸಿದರು. ಕೊನೆಗೆ, ಊರನ್ನೇ ಒಂದು ಮನೆ ಮಾಡಿಬಿಡೋಣ ಎಂದರು. ನೂಲು ಕಟ್ಟಿದರು. ನೂಲು ಎಲ್ಲೂ ಹರಿಯದೆ ಸುತ್ತು ಪೂರ್ತಿಯಾಗಿದ್ದರೆ ಊರೆಲ್ಲ ಒಂದೇ ಮನೆ, ಬೀದಿಯೆಲ್ಲ ಪಡಸಾಲೆ. ದೇವರು ಚಾಪೆ ಹಾಸಿದರೆ ಇವರು ಅದರ ಕೆಳಗೇ ತೂರುವ ಜನ ಎಂದು ಪಕ್ಕದ ಊರಿನವರು ಆಡಿಕೊಳ್ಳುವುದಿತ್ತು. ಚಾಪೆಯ ಕೆಳಗಿನ ನೆಲವೂ ಅವನದೇ ಅಲ್ಲವೇ ಎಂಬುದು ಇವರ ಉತ್ತರ.

ಆರನೆಯ ದಿನ ಒಬ್ಬ ಮನುಷ್ಯ ನೂಲಿನ ಉದ್ದಕ್ಕೂ ನಡೆದು ನೋಡುತ್ತಿದ್ದ. ಸುತ್ತು ಸರಿಯಿದ್ದರೆ ಸಂಜೆಗೆ ಪ್ರಾರ್ಥನಾ ಮಂದಿರದ ಮೇಲೆ ಬಿಳಿಯ ಬಾವುಟ ಏರುತ್ತಿತ್ತು. ಬಾವುಟ ಏರಿದರೆ ಮಾರನೆಯ ದಿನ ಮುದುಕರಿಗೆ ಕೋಲು, ತಾಯಂದಿರಿಗೆ ಮಗು, ಮನೆಗಳಿಗೆ ನೀರು. ಏರದಿದ್ದರೆ ಊರೆಲ್ಲ ಬರಿಗೈ. ಅಂಥ ದಿನ ಬೀದಿಗೆ ಇಳಿದವರು ಎರಡು ಅಂಗೈಗಳನ್ನೂ ಮುಂದಕ್ಕೆ ಬಿಚ್ಚಿ ತೋರಿಸುತ್ತ ನಡೆಯಬೇಕು, ಎದುರಿಗೆ ಬಂದವರು ಅದನ್ನು ನೋಡಿ ತಲೆಯಾಡಿಸಬೇಕು. ಮನೆಯ ಬೀಗದ ಕೈ ಬೀಗದಲ್ಲೇ ಇರುತ್ತಿತ್ತು. ಕಳ್ಳನೂ ಅದೇ ಊರಿನವನಾದ್ದರಿಂದ ಯಾರಿಗೂ ಭಯವಿರಲಿಲ್ಲ.

ನಡೆದು ನೋಡುವ ಆ ಮನುಷ್ಯನನ್ನು ಎಲ್ಲರೂ ನೂಲಿನವ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವನದೇ ಕೆಲಸ. ಹೆಗಲ ಮೇಲೆ ಕವೆಗೋಲು, ಸೊಂಟದಲ್ಲಿ ನೂಲಿನ ಉಂಡೆ, ಕತ್ತು ಮೇಲಕ್ಕೆ. ಮಾತು ಕಡಿಮೆ. ನಗುವುದನ್ನು ಯಾರೂ ನೋಡಿರಲಿಲ್ಲ, ಅಳುವುದನ್ನೂ ನೋಡಿರಲಿಲ್ಲ. ಅವನ ಕಾಲದಲ್ಲಿ ಒಂದೇ ಒಂದು ವಾರವೂ ಬಾವುಟ ತಪ್ಪಿರಲಿಲ್ಲ. ಅವನನ್ನು ಕಂಡರೆ ಊರಿನವರು ಎದ್ದು ನಿಲ್ಲುತ್ತಿದ್ದರು. ಅದು ಬಾವುಟಕ್ಕಾಗಿ ಅಲ್ಲ, ಅದಕ್ಕೂ ಹಿಂದಿನ ಒಂದು ಸಂಗತಿಗಾಗಿ.

ಹನ್ನೊಂದು ವರ್ಷದ ಹಿಂದೆ, ಇನ್ನೊಬ್ಬ ಮುದುಕ ಆ ಕೆಲಸದಲ್ಲಿದ್ದಾಗ, ಒಂದು ಏಳನೆಯ ದಿನ ಬಾವುಟ ಏರಿರಲಿಲ್ಲ. ಅವತ್ತೇ ಇವನ ಮೂರು ವರ್ಷದ ಮಗಳಿಗೆ ಗಂಟಲು ಕಟ್ಟುವ ಜ್ವರ ಬಂತು. ನಾಯಿ ಬೊಗಳಿದಂಥ ಕೆಮ್ಮು, ಸೀಟಿ ಹೊಡೆದಂಥ ಉಸಿರು. ಊರಿಗೆ ಒಬ್ಬನೇ ವೈದ್ಯ, ಅವನಿಗೆ ಮಂಡಿಯಿಂದ ಕೆಳಗೆ ಎರಡೂ ಕಾಲಿಲ್ಲ. ರೋಗಿಯೇ ಅವನ ಬಳಿಗೆ ಹೋಗಬೇಕು. ಬಾವಿ ದಾಟಿದರೆ ವೈದ್ಯನ ಮನೆ. ಎತ್ತಿಕೊಂಡು ಹೋಗೋಣ ಎಂದಳು ಹೆಂಡತಿ. ಬಾವುಟ ಇಲ್ಲ ಎಂದ ಇವನು. ಪ್ರಾರ್ಥನಾ ಮಂದಿರದ ಗುರುಗಳನ್ನಾದರೂ ಕೇಳಿಕೊಂಡು ಬನ್ನಿ ಎಂದಳು. ಆಜ್ಞೆಯಲ್ಲಿ ಕೇಳುವುದೇನಿದೆ ಎಂದ. ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ದಿನ ಮುಗಿಯಿತು, ಕಂಡ ಕೂಡಲೇ ಎತ್ತಿಕೊಂಡು ಓಡುತ್ತೇನೆ ಎಂದು ಹೊಸ್ತಿಲಲ್ಲಿ ನಿಂತ. ಮೊದಲ ನಕ್ಷತ್ರಕ್ಕೂ ಮುಂಚೆ ಮಗು ಹೋಯಿತು.

ಸಾವಿನ ಮನೆಯ ಪದ್ಧತಿಯಂತೆ ಗಂಡ ಹೆಂಡತಿ ಏಳು ದಿನ ನೆಲದ ಮೇಲೆ ಕೂತರು. ಕೊನೆಯ ದಿನ ಗುರುಗಳು ಬಂದು, ಹೆಂಡತಿ ಒಳಗೆ ಹೋದಾಗ, ಇವನ ಪಕ್ಕ ನೆಲದ ಮೇಲೆ ಕೂತು ಮೆಲ್ಲನೆ ಒಂದು ಮಾತು ಹೇಳಿದರು. ಜೀವ ಹೋಗುವ ಹೊತ್ತಿನಲ್ಲಿ ಆಜ್ಞೆ ತಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಆಗ ಹೊರುವುದು ತಪ್ಪಲ್ಲ, ಹೊರದಿರುವುದು ತಪ್ಪು. ಆಜ್ಞೆ ಬರೆದಿಟ್ಟ ಸುರುಳಿಗಳಲ್ಲಿ ಸ್ಪಷ್ಟವಾಗಿ ಇದೆ. ನೀನು ಬಂದು ಕೇಳಿದ್ದರೆ ಓಡು ಎನ್ನುತ್ತಿದ್ದೆ. ಇಷ್ಟು ಹೇಳಿ ಅವರು ಇವನ ಮುಖ ನೋಡಿದರು, ನೋಡಲಾರದೆ ಕಣ್ಣು ತಗ್ಗಿಸಿದರು. ಇದು ನಮ್ಮಿಬ್ಬರಲ್ಲೇ ಇರಲಿ, ಊರಿಗೆ ಗೊತ್ತಾದರೆ ನೀನು ತಲೆಯೆತ್ತಿ ತಿರುಗುವುದು ಕಷ್ಟ ಎಂದರು. ಕರುಣೆಯಿಂದಲೇ ಹೇಳಿದರು. ಅವರು ಒಳ್ಳೆಯವರು.

ಗುರುಗಳು ಬಾಯಿ ಮುಚ್ಚಿಕೊಂಡರು, ಊರು ಬಾಯಿ ಬಿಟ್ಟಿತು. ಮಗಳು ಸಾಯುತ್ತಿದ್ದರೂ ಆಜ್ಞೆ ಮುರಿಯದ ಮನುಷ್ಯ ಎಂದು ಊರು ಹೇಳಿಕೊಳ್ಳತೊಡಗಿತು. ಕತೆ ಕೇರಿಯಿಂದ ಕೇರಿಗೆ ಹೋಯಿತು, ಬೆಳೆಯಿತು. ಮಗಳೇ 'ಅಪ್ಪಾ, ಎತ್ತಿಕೊಳ್ಳಬೇಡ' ಎಂದಳಂತೆ ಎನ್ನುವಲ್ಲಿಗೆ ಬಂತು. ಅವಳಿಗೆ ಮಾತಾಡಲು ಉಸಿರೇ ಇರಲಿಲ್ಲ ಎಂದು ಇವನು ಯಾರಿಗೂ ಹೇಳಲಿಲ್ಲ. ಗುರುಗಳೂ ತಿದ್ದಲಿಲ್ಲ. ಮೊದಲ ದಿನವೇ ತಿದ್ದದ ಕತೆಯನ್ನು ಹತ್ತನೆಯ ವರ್ಷ ತಿದ್ದುವುದು ಹೇಗೆ?

ಹೆಂಡತಿಗೂ ಇವನು ಹೇಳಲಿಲ್ಲ. ಅವಳು ಮತ್ತೆ ಆ ದಿನದ ಮಾತೆತ್ತಲಿಲ್ಲ. ರೊಟ್ಟಿ ಬಡಿಸುತ್ತಿದ್ದಳು, ಇವನು ತಿನ್ನುತ್ತಿದ್ದ. ಜೋಮು ಹಿಡಿದ ಕಾಲಿನ ಮೇಲೆ ನಡೆದ ಹಾಗೆ ಇಬ್ಬರೂ ವರ್ಷಗಳ ಮೇಲೆ ನಡೆದರು.

ಅದೇ ವರ್ಷ ಹಳೆಯ ಮುದುಕ ಸತ್ತಾಗ ಆ ಕೆಲಸವನ್ನು ಇವನೇ ಕೇಳಿ ಪಡೆದ. ಎಂಥ ಭಕ್ತಿ ಎಂದಿತು ಊರು. ಭಕ್ತಿಯೇನೂ ಇರಲಿಲ್ಲ. ನೂಲು ಎಂದೂ ಹರಿಯದಿದ್ದರೆ, ಹೊಸ್ತಿಲಲ್ಲಿ ನಿಂತು ಹೊರಲೋ ಬೇಡವೋ ಎಂದು ಯಾರೂ ಆರಿಸಿಕೊಳ್ಳಬೇಕಾಗಿ ಬರುವುದಿಲ್ಲ ಎಂಬ ಒಂದೇ ಲೆಕ್ಕ ಅವನದು. ನಂಬಿಕೆ ಇದೆಯೋ ಇಲ್ಲವೋ ಅವನಿಗೇ ತಿಳಿಯದು. ಪ್ರಾರ್ಥನೆಯ ಹೊತ್ತಿಗೆ ತುಟಿ ಆಡಿಸುತ್ತಿದ್ದ. ಒಮ್ಮೆ ಗುರುಗಳನ್ನು ಕೇಳಿದ್ದ, ಮನಸ್ಸಿಲ್ಲದೆ ಆಜ್ಞೆ ಪಾಲಿಸಿದರೆ ಅದು ದೇವರಿಗೆ ಸಲ್ಲುತ್ತದೆಯೇ ಎಂದು. ಕಂಬಕ್ಕೆ ಮನಸ್ಸಿದೆಯೇನಪ್ಪ, ಆದರೂ ನೂಲನ್ನು ಎತ್ತಿ ಹಿಡಿದಿದೆಯಲ್ಲ ಎಂದಿದ್ದರು ಗುರುಗಳು. ಆ ಮಾತು ಇವನಿಗೆ ಹಿತವಾಗಿತ್ತು. ಅಂದಿನಿಂದ ಕಂಬದ ಹಾಗೆಯೇ ಇದ್ದ.

ಹೀಗಿರುವಾಗ ಒಂದು ಆರನೆಯ ದಿನ ಬಯಲಿನ ಕಡೆಯಿಂದ ಗಾಳಿ ಎದ್ದಿತು. ಉಪ್ಪಿನ ಬಯಲಿನಲ್ಲಿ ಒಂಬತ್ತು ಕಂಬ ಉರುಳಿದವು. ನೂಲಿನವ ಏಳು ಕಂಬ ನಿಲ್ಲಿಸಿದ. ಎಂಟನೆಯದಕ್ಕೆ ಕೈ ಹಾಕುವಾಗ ಸೂರ್ಯ ಮುಳುಗಿದ. ಮುಳುಗಿದರೆ ಏಳನೆಯ ದಿನ ಶುರು, ಗಂಟು ಹಾಕುವಂತಿಲ್ಲ. ಕೈಯಲ್ಲಿದ್ದ ಉಂಡೆಯನ್ನು ಅಲ್ಲೇ ಕೆಳಗಿಟ್ಟು ಬರಿಗೈಯಲ್ಲಿ ಊರಿಗೆ ಬಂದ. ಬಾವುಟ ಏರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಜನ ಬಾವುಟದ ಖಾಲಿ ಕಂಬವನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ಒಳಗೆ ಹೋದರು. ಅವನಿಗೆ ದುಃಖವೂ ಆಗಲಿಲ್ಲ. ಊಟ ಮಾಡಿ ಮಲಗಿದ.

ಮಾರನೆಯ ಬೆಳಿಗ್ಗೆ ಅಂಗೈ ಬಿಚ್ಚಿಕೊಂಡು ಬಯಲಿಗೆ ಹೋದ. ಹರಿದ ನೂಲನ್ನು ನೋಡಿ ಮಾಡುವುದೇನೂ ಇರಲಿಲ್ಲ, ಸುಮ್ಮನೆ ಹೋದ. ಬಯಲಿನ ಅಂಚಿನಲ್ಲಿ, ಊರಿನ ಕಟ್ಟಕಡೆಯ ಮನೆಯಲ್ಲಿ, ಉಪ್ಪು ಮಾಡಿ ಮಾರುವ ಹೆಂಗಸೊಬ್ಬಳು ಇದ್ದಳು. ಅವಳ ಗಂಡ ಗಾಡಿ ಕಟ್ಟಿಕೊಂಡು ದೂರದ ಸಂತೆಗೆ ಹೋಗಿದ್ದ. ಅವಳು ಹೊಸ್ತಿಲ ಒಳಗೆ ನಿಂತಿದ್ದಳು, ಕಾಲಿನ ಬೆರಳು ಹೊಸ್ತಿಲಿಗೆ ತಾಗುವ ಹಾಗೆ. ಕಂಕುಳಲ್ಲಿ ವರ್ಷದ ಮಗು. ನೂಲಿನವ ಹತ್ತಿರ ಬರುವ ಮೊದಲೇ ಆ ಕೆಮ್ಮು ಕೇಳಿಸಿತು. ನಾಯಿ ಬೊಗಳಿದಂಥದ್ದು. ಆಮೇಲೆ ಆ ಉಸಿರು.

ಅವನು ನಿಂತ. ಹೊರಟುಹೋಗಬಹುದಿತ್ತು, ಬಯಲು ದೊಡ್ಡದಿತ್ತು. ಅವಳು, ಇವತ್ತು ಬಾವುಟ ಏರಬಹುದಾ ಅಣ್ಣ ಎಂದು ಕೇಳಿದಳು. ಇವತ್ತು ಗಂಟು ಹಾಕುವಂತಿಲ್ಲ, ಏರುವುದಿಲ್ಲ ಎಂದ. ಅವಳು ಆಕಾಶ ನೋಡಿದಳು. ಸೂರ್ಯ ಇನ್ನೂ ಮೂಡಣದಲ್ಲೇ ಇದ್ದ. ಮೂರು ನಕ್ಷತ್ರಕ್ಕೆ ಇಡೀ ಒಂದು ದಿನ ಬಾಕಿ ಇತ್ತು.

"ಮಗೂನ ಎತ್ಕೊಂಡು ವೈದ್ಯನ ಹತ್ರ ಓಡಮ್ಮ," ಎಂದ ನೂಲಿನವ. "ಜೀವ ಹೋಗೋ ಹೊತ್ತಲ್ಲಿ ಹೊರಬಹುದು. ಆಜ್ಞೆ ದಾರಿ ಬಿಡುತ್ತೆ."

ಅವಳು ಅವನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ.

"ನೀವು ಹೊತ್ರಾ ಅಣ್ಣ?" ಎಂದಳು. "ನಿಮ್ಮ ಕತೆ ಹೇಳಿಯೇ ನಮ್ಮಮ್ಮ ನನ್ನ ಬೆಳೆಸಿದ್ದು. ನನ್ನ ನಂಬಿಕೆ ಎಷ್ಟು ಗಟ್ಟಿ ಅಂತ ನೋಡೋಕೆ ಹೀಗಂತೀರಿ, ಅಲ್ವಾ?"

ಗುರುಗಳ ಮನೆ ಊರಿನ ಆ ತುದಿಯಲ್ಲಿ, ಹೋಗಿ ಕರೆತರುವಷ್ಟು ಹೊತ್ತು ಮಗುವಿನಲ್ಲಿ ಉಳಿದಿರಲಿಲ್ಲ. ಬಾವುಟ ಏರಿಸಿಬಿಟ್ಟರೆ ಇವಳು ಹೊಸ್ತಿಲು ದಾಟುತ್ತಾಳೆ, ಆದರೆ ಅದು ಸುಳ್ಳು ಬಾವುಟ. ಹಾಗೆಲ್ಲ ಅವನು ಯೋಚಿಸಿದ ಎನ್ನುವುದೂ ಸುಳ್ಳೇ. ಮಗುವಿನ ತುಟಿ ನೀಲಿಯಾಗುತ್ತಿತ್ತು. ಅವನ ಕೈಗಳು ಮುಂದೆ ಚಾಚಿದವು, ಹೊಸ್ತಿಲ ಆಚೆಯಿಂದ ಮಗುವನ್ನು ಎತ್ತಿಕೊಂಡವು. ಅವಳು ತಡೆಯಲಿಲ್ಲ, ಕೊಡಲೂ ಇಲ್ಲ. ಅವನು ತಿರುಗಿ ನಡೆಯತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಅವಳ ಹೆಜ್ಜೆ ಕೇಳಿಸಿತು.

ಇಟ್ಟಿಗೆ ಗೂಡು ದಾಟಿದ. ಚರ್ಮದವರ ಕೇರಿ ದಾಟಿದ. ಅಂಗೈ ಬಿಚ್ಚಿಕೊಂಡು ಎದುರು ಬರುತ್ತಿದ್ದವರು ಹಾಗೇ ನಿಂತರು. ತಲೆಯಾಡಿಸಲು ಇವನ ಅಂಗೈ ಎಲ್ಲಿ? ಕಿಟಕಿಗಳು ತೆರೆದವು. ಅವನ ಮನೆಯ ಮುಂದೆಯೇ ದಾರಿ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಮಗುವನ್ನು ನೋಡಿದಳು, ಇವನನ್ನು ನೋಡಿದಳು. ಅವನು ನಿಲ್ಲಲಿಲ್ಲ. ಬಾವಿ ದಾಟಿದ ಕೂಡಲೇ ವೈದ್ಯನ ಮನೆ. ಇಷ್ಟು ಹತ್ತಿರವಿತ್ತೇ ಎನಿಸಿತು ಅವನಿಗೆ.

ಕಾಲಿಲ್ಲದ ವೈದ್ಯ ಮಗುವನ್ನು ತೊಡೆಯ ಮೇಲೆ ಅಂಗಾತ ಹಾಕಿಕೊಂಡು, ಬಾಯಿ ತೆರೆಸಿ, ಬಾತುಕೋಳಿಯ ಗರಿಯನ್ನು ಎಣ್ಣೆಯಲ್ಲಿ ಅದ್ದಿ ಗಂಟಲೊಳಗೆ ಇಳಿಸಿದ. ಒಂದು ಸಲ ತಿರುಗಿಸಿ ಎಳೆದ. ಬೆಳ್ಳಗಿನ ಪೊರೆಯೊಂದು ಗರಿಗೆ ಅಂಟಿಕೊಂಡು ಬಂತು. ಮಗು ಎಳೆದುಕೊಂಡು ಉಸಿರಾಡಿತು, ಆಮೇಲೆ ಗಟ್ಟಿಯಾಗಿ ಅತ್ತಿತು. ತಾಯಿ ನೆಲದ ಮೇಲೆ ಕುಸಿದು ಕೂತಳು. ಇಷ್ಟೇ. ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ.

ವೈದ್ಯ ಗರಿಯನ್ನು ಒರೆಸುತ್ತ, ಈ ಕಾಯಿಲೆ ಹೀಗೆಯೇ, ತಂದರೆ ಉಳಿಯುತ್ತದೆ ಎಂದ. ತಂದ ಮಕ್ಕಳಲ್ಲಿ ಒಂದನ್ನೂ ಕಳೆದುಕೊಂಡಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಎದುರಿಗೆ ನಿಂತವನು ಯಾರೆಂದು ಆಗ ನೆನಪಾಗಿ, ಒರೆಸಿದ ಗರಿಯನ್ನೇ ಮತ್ತೆ ಒರೆಸತೊಡಗಿದ.

ಹನ್ನೊಂದು ವರ್ಷ ನೂಲಿನವ ತನಗೆ ತಾನೇ ಒಂದು ಮಾತು ಹೇಳಿಕೊಳ್ಳುತ್ತ ಬಂದಿದ್ದ. ಹೊತ್ತಿದ್ದರೂ ಅವಳು ಉಳಿಯುತ್ತಿರಲಿಲ್ಲ, ಮೇಲಿನವನು ಮೊದಲೇ ಬರೆದಿಟ್ಟಿದ್ದ ಎಂದು. ಆ ಮಾತಿನ ಮೇಲೆಯೇ ಅವನು ಮಲಗುತ್ತಿದ್ದ, ಏಳುತ್ತಿದ್ದ. ಈಗ ಆ ಮಾತು ಇಲ್ಲ. ಮಗು ಅಳುತ್ತಲೇ ಇತ್ತು. ಅದು ಬದುಕಿದ್ದಕ್ಕೆ ಸಂತೋಷಪಡಬೇಕು ಎಂದು ಅವನಿಗೆ ಗೊತ್ತಿತ್ತು. ಸಂತೋಷ ಬರಲಿಲ್ಲ. ಬಾಗಿಲು ತೆರೆದು ಹೊರಗೆ ಬಂದ.

ಹೊರಗೆ ಬೀದಿ ತುಂಬ ಜನ. ಎಲ್ಲರ ಕೈಯಲ್ಲೂ ಏನಾದರೊಂದು. ಹೆಂಗಸರ ತಲೆಯ ಮೇಲೆ ಕೊಡ, ಕಂಕುಳಲ್ಲಿ ಮಗು. ಮುದುಕರ ಕೈಯಲ್ಲಿ ಕೋಲು. ನಡೆಯಲಾರದ ಒಬ್ಬ ಅಜ್ಜಿಯನ್ನು ಅವಳ ಮಕ್ಕಳು ಕುರ್ಚಿ ಸಮೇತ ಹೊತ್ತು ತಂದಿದ್ದರು. ಒಬ್ಬನ ಹೆಗಲ ಮೇಲೆ ಏಣಿಯೂ ಇತ್ತು, ಯಾಕೆಂದು ಅವನೇ ಬಲ್ಲ. ನಡೆದದ್ದು ಇಷ್ಟು. ನೂಲಿನವನೇ ಹೊರುತ್ತಿದ್ದಾನೆ ಎಂದರೆ ನೂಲು ಸರಿಯಾಗಿರಲೇಬೇಕು ಎಂದು ಊರು ತೀರ್ಮಾನಿಸಿತ್ತು. ತನ್ನ ಮಗಳಿಗಾಗಿ ಹೊರದವನು ಪರರ ಮಗುವಿಗಾಗಿ ಹೊತ್ತಾನೆಯೇ? ಬಾವುಟ ಏರಿಸಲು ಮರೆತಿರಬೇಕು, ವಯಸ್ಸಾಯಿತು ಪಾಪ ಎಂದುಕೊಂಡು ಎಲ್ಲರೂ ಹೊತ್ತು ಹೊರಟಿದ್ದರು. ಆಯುಷ್ಯದಲ್ಲಿ ಒಮ್ಮೆ ಅವನು ತಾನಾಗಿ ಮಾಡಿದ ಕೆಲಸ ಬಾವಿಯಿಂದ ವೈದ್ಯನ ಮನೆ ಮುಟ್ಟುವುದರೊಳಗೆ ಊರಿಗೆ ಆಜ್ಞೆಯಾಗಿತ್ತು.

ಗುರುಗಳೂ ಬಂದಿದ್ದರು. ಅವರ ಕೈ ಮಾತ್ರ ಖಾಲಿ. ಅವರಿಗೆ ಎಲ್ಲ ಅರ್ಥವಾಗಿತ್ತು. ಕುರ್ಚಿಯಲ್ಲಿದ್ದ ಅಜ್ಜಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ನೂಲು ಸರಿಯಿದೆ ತಾನೆ ಮಗಾ ಎಂದು ಕೇಳಿದಳು.

ಹೌದು ಎಂದರೆ ಮುಗಿಯಿತು. ಯಾರಿಗೂ ತಪ್ಪು ತಟ್ಟದು, ತಿಳಿಯದೆ ಮಾಡಿದ್ದು. ಅಜ್ಜಿ ಮನೆ ಸೇರುತ್ತಾಳೆ, ಕೊಡಗಳು ಮನೆ ಸೇರುತ್ತವೆ, ಅವನ ಕತೆ ಇದ್ದ ಹಾಗೆಯೇ ಇರುತ್ತದೆ. ಮತ್ತೆ ಎಂದೋ ಒಂದು ದಿನ ಬಾವುಟ ಏರುವುದಿಲ್ಲ, ಆಗ ಯಾವಳೋ ಒಬ್ಬಳು ಆ ಕತೆಯನ್ನು ನೆನೆದುಕೊಂಡು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಇಲ್ಲ ಎಂದರೆ, ಹರಿದ ನೂಲಿನೊಳಗೆ ಯಾಕೆ ಹೊತ್ತೆ ಎಂದು ಊರು ಕೇಳುತ್ತದೆ. ಕೇಳಿದರೆ ಹೇಳಬೇಕಾಗುತ್ತದೆ. ಅವನು ಗುರುಗಳ ಮುಖ ನೋಡಿದ. ಹೇಳಬೇಡ ಎನ್ನಲಿ, ಹೇಳು ಎನ್ನಲಿ, ಏನಾದರೂ ಎನ್ನಲಿ ಎಂದು ಕಾದ. ಗುರುಗಳು ಏನೂ ಎನ್ನಲಿಲ್ಲ.

"ನೂಲು ಹರಿದಿದೆ," ಎಂದ ನೂಲಿನವ. "ಹರಿದಿದ್ರೂ ಹೊತ್ತೆ. ಜೀವ ಹೋಗೋ ಹೊತ್ತಲ್ಲಿ ಹೊರಬೇಕು ಅಂತಲೇ ಇದೆ. ಹನ್ನೊಂದು ವರ್ಷದ ಹಿಂದೆಯೂ ಹಾಗೇ ಇತ್ತು. ನಾನು ಕೇಳಲಿಲ್ಲ. ಮಗಳನ್ನ ಕೊಂದದ್ದು ಆಜ್ಞೆ ಅಲ್ಲ, ನಾನು. ಅವಳು ಬೇಡ ಅನ್ನಲಿಲ್ಲ. ಅವಳಿಗೆ ಉಸಿರೇ ಇರಲಿಲ್ಲ."

ಗುರುಗಳು ಒಂದು ಹೆಜ್ಜೆ ಮುಂದೆ ಬಂದು, ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ ಎಂದರು. ಅಷ್ಟು ಹೇಳುವಾಗ ಅವರ ದನಿ ಮುದುಕನ ದನಿಯಾಗಿತ್ತು. ಆಮೇಲೆ ಊರಿನವರು, ಒಬ್ಬೊಬ್ಬರಾಗಿ, ಕೈಯಲ್ಲಿದ್ದುದನ್ನು ನಿಂತಲ್ಲೇ ಕೆಳಗಿಟ್ಟರು. ಕೊಡ ಇಳಿಯಿತು, ಕೋಲು ಇಳಿಯಿತು, ಏಣಿ ಇಳಿಯಿತು. ಅಜ್ಜಿಯ ಕುರ್ಚಿಯನ್ನು ಬೀದಿಯ ನಡುವೆ ಇಳಿಸಿ ಮಕ್ಕಳು ಅವಳಿಗೆ ನೆರಳಾಗಿ ನಿಂತರು. ತಾಯಂದಿರು ಕಂಕುಳ ಮಕ್ಕಳನ್ನು ಸೆರಗಿನ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತರು. ಮೂರು ನಕ್ಷತ್ರ ಕಾಣುವವರೆಗೆ ಯಾರೂ ಏನನ್ನೂ ಎತ್ತುವಂತಿರಲಿಲ್ಲ, ಆದ್ದರಿಂದ ಅಲ್ಲೇ ಕಾದರು. ಯಾರೂ ಅವನನ್ನು ಬೈಯಲಿಲ್ಲ. ಯಾರೂ ಎದ್ದು ನಿಲ್ಲಲೂ ಇಲ್ಲ. ಕೂತವರ ನಡುವೆ ದಾರಿ ಮಾಡಿಕೊಂಡು ಅವನು ಮನೆಗೆ ಹೋದ.

ಹೆಂಡತಿ ಅವನಿಗಿಂತ ಮೊದಲೇ ಬಂದು ಗೋಡೆಗೆ ಒರಗಿ ಕೂತಿದ್ದಳು. ಗುಂಪಿನ ಹಿಂದೆ ನಿಂತು ಎಲ್ಲ ಕೇಳಿದ್ದಳು ಎಂದು ಅವನಿಗೆ ತಿಳಿಯಿತು. ಎದುರಿಗೆ ಕೂತ. ಕೂತ ಮೇಲೆ ತೋಳುಗಳು ನೋಯುವುದು ಗೊತ್ತಾಯಿತು. ನಿನ್ನ ಹತ್ತಿರ ಮುಚ್ಚಿಟ್ಟೆ, ತಪ್ಪಾಯಿತು ಎಂದ. ಬೈಯಲಿ ಎಂದು ತಲೆ ತಗ್ಗಿಸಿದ. ಅವಳು ಬೈಯುತ್ತಾಳೆ ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ.

"ನನಗೆ ಗೊತ್ತಿತ್ತು," ಎಂದಳು ಅವಳು. "ಮಣ್ಣು ಮಾಡಿ ಬಂದ ಮೂರನೇ ದಿನವೇ ಗುರುಗಳ ಹೆಂಡತಿ ಹೇಳಿದ್ರು."

ಅವನು ತಲೆಯೆತ್ತಿದ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ಒಂದು ದಿನವಾದರೂ ನನ್ನನ್ನು ಯಾಕೆ ಕೇಳಲಿಲ್ಲ ಎಂದ.

ಹೊರಗೆ ಬೀದಿಯಲ್ಲಿ ಯಾರದೋ ಮಗು ಅಳುತ್ತಿತ್ತು, ಎತ್ತಿಕೊಳ್ಳದೆಯೇ ಯಾರೋ ಅದನ್ನು ಸಮಾಧಾನ ಮಾಡುತ್ತಿದ್ದರು.

"ಏನಂತ ಕೇಳ್ಲಿ? ನೀವು ಬಾಗಿಲಲ್ಲಿ ನಿಂತಿದ್ರಿ, ನಕ್ಷತ್ರ ನೋಡ್ತಾ, ನನಗೆ ಬೆನ್ನು ಮಾಡಿ," ಎಂದಳು. "ಮಗು ನನ್ನ ತೊಡೆ ಮೇಲಿತ್ತು. ಹಿತ್ತಲ ಬಾಗಿಲು ತೆರೆದೇ ಇತ್ತು."